ಎದೆಯ ಎತ್ತರದಲ್ಲಿ

ಎಲೆ ಉದುರುತ್ತದೆ ಅಂತ ಕಡಿಯುವಂತಿಲ್ಲ,
ಹಕ್ಕಿ ಹಿಕ್ಕೆ ಹಾಕಿದರೂ ಇಲ್ಲ.
ಬೇರು ಕೊಳವೆಗೆ ನುಗ್ಗಿದ್ದರೆ ಮಾತ್ರ
ಮೂರು ಪ್ರತಿ ಅರ್ಜಿ, ತಕರಾರಿಗೆ ಹತ್ತು ದಿನ.

ಮಾಂಟೆವಿಡಿಯೋದ ಆ ಇಳಿಜಾರು ಬೀದಿಯಲ್ಲಿ
ನೆಲಿಡಾಳ ಬಚ್ಚಲು ಮೂರನೇ ಸಲ ಕಟ್ಟಿದೆ.
ನಗರಸಭೆಯ ಹುಡುಗ ಬಂದ, ಟೇಪು ಬಿಚ್ಚಿದ:
‘ಸುತ್ತಳತೆ, ಎದೆಯ ಎತ್ತರದಲ್ಲಿ’ ಅನ್ನುತ್ತದೆ ನಿಯಮ.
ಯಾರ ಎದೆ? ಕೇಳಿದಳು.
ಅವಳದು ವರ್ಷಕ್ಕಿಷ್ಟು ತಗ್ಗುತ್ತಿದೆ.

ಒಬ್ಬರ ತೋಳಿಗೆ ನಿಲುಕದ ಪ್ಲಾಟಾನೊ ಮರ.
ಆ ತುದಿ ಹಿಡ್ಕೊಳ್ಳಿ ಅಮ್ಮಾ, ಅಂದ.
ಹಿಡಿದಳು.
ಕೆನ್ನೆಗೆ ತೊಗಟೆ ತಾಗಿತು, ಸಿಪ್ಪೆ ಏಳುತ್ತಿತ್ತು
ಬಿಸಿಲಿಗೆ ಸುಟ್ಟ ಬೆನ್ನಿನ ಹಾಗೆ.
ಆಚೆ ಕಡೆಯಿಂದ ಅವನ ದನಿ:
ಇನ್ನೂರ ಹನ್ನೊಂದು. ಬರ್ಕೊಳ್ಳಿ.

ಬರೆಯಲು ಕೈ ಬಿಡಬೇಕಿತ್ತು.
ಒಳಗೆ ಬಚ್ಚಲಲ್ಲಿ
ನೀರು ನಿಂತೇ ಇತ್ತು.