ಕೆಳಗೆ ಎಂಬ ಗುಡ್ಡ

ಸಸೆಕ್ಸಿನಲ್ಲಿ ಗುಡ್ಡಕ್ಕೆ ಡೌನ್ ಅನ್ನುತ್ತಾರೆ.
ಹತ್ತುವುದು ಡೌನಿಗೆ,
ಏದುಸಿರು ಬಿಟ್ಟು ಕೂರುವುದು ಡೌನಿನ ನೆತ್ತಿಯಲ್ಲಿ.
ಇಪ್ಪತ್ತೆರಡು ವರ್ಷ ಇಲ್ಲಿಯ ದನಕುರಿಗಳ ಬಾಯಿ ಬಿಡಿಸಿ
ಹಲ್ಲೆಣಿಸಿದವಳು ನಾನು,
ಒಂದು ದಿನವೂ ಅನ್ನಿಸಿರಲಿಲ್ಲ
ಇದೆಂಥ ತಲೆಕೆಳಗು ಎಂದು.

ಟಪ್ಪನ್ನರ ಹಟ್ಟಿಯಿಂದ ಫೋನು ಬಂತು, ಮಾರ್ಚಿನ ಮಂಗಳವಾರ.
ಟ್ಯಾನ್ಸಿಗೆ ಹದಿನಾಲ್ಕು. ಹಿಂಗಾಲು ಎರಡೂ ಸೋತು
ಒಲೆಯ ಮುಂದೆ ಒರಗಿದ್ದಳು, ಕಣ್ಣು ಮಾತ್ರ ಬಾಗಿಲ ಕಡೆ.
ಮುದುಕ ಈನಸ್ ಟೋಪಿ ತೆಗೆದು ಮಂಡಿಯ ಮೇಲಿಟ್ಟು
ಅದರ ಅಂಚನ್ನೇ ತಿರುಗಿಸುತ್ತಿದ್ದ.
ಮಗಳು ಬ್ರಯನಿ ಕೆಟಲಿಗೆ ನೀರು ತುಂಬಿದಳು,
ಯಾರೂ ಚಹಾ ಕೇಳಿರಲಿಲ್ಲ.

ಕೊಲ್ಲು ಎನ್ನುವ ಮಾತು ನಮ್ಮ ಚೀಲದಲ್ಲಿ ಇರುವುದಿಲ್ಲ.
ಸೂಜಿ, ಹತ್ತಿ, ಬಣ್ಣದ ಔಷಧ,
ಆಮೇಲೆ ಈ ಮೆತ್ತನೆಯ ಮಾತು:
‘ಪುಟ್ ಡೌನ್ ಮಾಡುವುದೇ ಒಳ್ಳೆಯದು’ ಅಂದೆ.
ಪುಟ್ ಅಂದರೆ ಇಡು, ಡೌನ್ ಅಂದರೆ ಕೆಳಗೆ.
ಹೆಗಲಲ್ಲಿ ನಿದ್ದೆ ಹೋದ ಮಗುವನ್ನು
ತೊಟ್ಟಿಲಿಗೆ ಇಳಿಸುವಾಗಲೂ ಇದನ್ನೇ ಅನ್ನುತ್ತಾರೆ.

ಆಲ್ಬನ್ ಅಲ್ಲೇ ಇದ್ದ, ಬ್ರಯನಿಯ ಮಗ, ಹದಿನೇಳು.
ಹುಟ್ಟಿದ ವಾರ ಆಸ್ಪತ್ರೆಯ ಕಾಗದದಲ್ಲಿ
ಅವನ ಹೆಸರಿಗಿಂತ ಮೊದಲೇ ಬಂದದ್ದು ಡೌನ್.
ಅದು ಯಾವುದೋ ಕಾಲದ ವೈದ್ಯನ ಮನೆತನದ ಹೆಸರು,
ದಿಕ್ಕಲ್ಲ.
ಆದರೂ ಓದಿದವರೆಲ್ಲ ದನಿ ತಗ್ಗಿಸಿದರು.
ಈನಸ್ ಮಾತ್ರ ಕನ್ನಡಕ ಏರಿಸಿ ಎರಡು ಸಲ ಓದಿ
‘ನಮ್ಮ ಗುಡ್ಡದ ಹೆಸರೇ ಇಟ್ಟಿದ್ದಾರೆ, ಒಳ್ಳೆಯದಾಯಿತು’ ಅಂದನಂತೆ.

ಆಲ್ಬನ್ ಎದ್ದ. ಬೂಟು ಹಾಕಿಕೊಂಡ, ಎಡದ್ದು ಬಲಕ್ಕೆ;
ಬಿಚ್ಚಿ ಮತ್ತೆ ಸರಿಯಾಗಿ.
ಕೈಗಾಡಿಗೆ ಅವಳ ಕಂಬಳಿ ಹಾಸಿದ, ಗುದ್ದಲಿಯನ್ನೂ ಇಟ್ಟ.
‘ಡೌನಿಗೆ ಅಂದರಲ್ಲ ಡಾಕ್ಟರು,
ಬೆಳಕಿರುವಾಗಲೇ ಹೋಗಬೇಕು.’
ಬ್ರಯನಿ ಏನೋ ಹೇಳಲು ಬಾಯಿ ತೆರೆದಳು. ನಾನೂ ತೆರೆದೆ.
ಈನಸ್ ಟೋಪಿ ಹಾಕಿಕೊಂಡ.

ಸುಣ್ಣಗಲ್ಲಿನ ದಾರಿ ಹಾಲಿನಂತೆ ಬೆಳ್ಳಗೆ, ಎಣ್ಣೆಯಂತೆ ಜಾರಿಕೆ.
ಅರ್ಧದಲ್ಲಿ ಮುದುಕ ಬೇಲಿಯ ಮೆಟ್ಟಿಲ ಮೇಲೆ ಕುಳಿತ:
‘ನನ್ನ ಗುಡ್ಡ ಇಲ್ಲಿಗೇ ಮುಗಿಯಿತು, ನೀವು ನಡೆಯಿರಿ.’
ಮೇಲೆ ಬರೀ ಗಾಳಿ. ಕುರಿಗಳು. ದೂರದಲ್ಲಿ
ತಗಡಿನ ಪಟ್ಟಿಯಂತೆ ಕಡಲು.
ಟ್ಯಾನ್ಸಿ ಮೂಗೆತ್ತಿದಳು, ಕಿವಿ ನೆಟ್ಟಳು,
ಸತ್ತ ಕಾಲುಗಳಿಂದ ಏಳಲು ನೋಡಿದಳು.

‘ಲೈ ಡೌನ್’ ಅಂದ ಆಲ್ಬನ್.
ಕುರಿ ಕಾಯುವ ನಾಯಿಗೆ ಮೊದಲು ಕಲಿಸುವ ಮಾತು.
ಹದಿನಾಲ್ಕು ವರ್ಷ ಆ ಮಾತಿಗೆ
ಓಡುತ್ತಿದ್ದಲ್ಲೇ ಹೊಟ್ಟೆ ನೆಲಕ್ಕೊತ್ತಿದವಳು
ಈಗಲೂ ಒತ್ತಿದಳು.
ನಾನು ನರ ಹುಡುಕಿದೆ.

ಆ ರಾತ್ರಿ ನಿದ್ದೆ ಬಾರದೆ ನಿಘಂಟು ತೆಗೆದೆ.
ಸಾವಿರ ವರ್ಷದ ಹಿಂದೆ ಇವರ ಬಾಯಲ್ಲಿ
ಡೂನ್ ಅಂದರೆ ದಿಣ್ಣೆ.
‘ಆಫ್ ಡೂನೆ’ ಅಂದರೆ ದಿಣ್ಣೆಯಿಂದ.
ಆಡಿ ಆಡಿ ‘ಇಂದ’ ಸವೆಯಿತು,
ಆಮೇಲೆ ದಿಣ್ಣೆಯೂ ಮರೆತುಹೋಯಿತು,
ಉಳಿದದ್ದು ಇಳಿಜಾರು ಒಂದೇ.
ಅದನ್ನೇ ಹಿಡಿದು ಜನ ಎಲ್ಲಿಗೆಲ್ಲ ಇಳಿದರು!
ಮನಸ್ಸು ಡೌನ್, ಮಾರುಕಟ್ಟೆ ಡೌನ್,
ಪದಬಂಧದಲ್ಲಿ ಮೇಲಿಂದ ಕೆಳಕ್ಕೆ ಡೌನ್,
ಮನೆ ಕೊಳ್ಳಲು ಮೊದಲ ಕಂತು ಡೌನ್.
ಪುಟದ ಕೊನೆಗೆ ಇನ್ನೊಂದು ಡೌನ್, ಅದೇ ಮುಖ, ಬೇರೆ ಬಳ್ಳಿ:
ಬಾತುಕೋಳಿಯ ಎದೆಯ ನಯದ ತುಪ್ಪಳ,
ಬಡಗಣ ಹಡಗುಗಳಲ್ಲಿ ಬಂದದ್ದು.
ಅದು ನನ್ನ ದಿಂಬಿನೊಳಗೇ ಇತ್ತು.
ತಲೆಯಿಟ್ಟೆ.

ಇಳಿದು ಬರುವಾಗ ಕತ್ತಲಾಗಿತ್ತು.
ಬೇಲಿಯ ಹತ್ತಿರ ಈನಸ್ ಹಾಗೆಯೇ ಕುಳಿತಿದ್ದ,
ಖಾಲಿ ಗಾಡಿಯ ಸದ್ದು ಗುರುತಿಸಿದ.
‘ಇಟ್ಟಿರಾ?’
ಆಲ್ಬನ್ ಉಗುರಿನ ಸುಣ್ಣ ಉಜ್ಜುತ್ತಾ ಹೇಳಿದ:
‘ಇಟ್ಟೆವು ತಾತ. ಡೌನಿನಲ್ಲಿ.
ತುಂಬಾ ಮೇಲೆ.’