ಮೂವತ್ತೆಂಟನೇದು

ನನ್ನ ಪಟ್ಟಿಯೊಳಗ ಮೂವತ್ತೇಳು ಅದಾವ.
ಹನ್ನೊಂದು ಸಿಎನ್‌ಸಿ, ಎರಡು ತೂಕದ ಕಾಟಾ,
ಕುಲುಮಿ ಕಾವು ಅಳಿಯೋ ಡಬ್ಬಿ,
ಗೇಟಿನ ಹೆಬ್ಬೆಟ್ಟಿನ ಯಂತ್ರ,
ಆಫೀಸಿನ ಕಂಪ್ಯೂಟರು, ಮಾಲಕರ ಪ್ರಿಂಟರು.
ಒಂದೊಂದಕ್ಕೂ ಹನ್ನೆರಡಕ್ಷರದ ಕುಲಗೋತ್ರ
ಬರದಿಟ್ಟೀನಿ, ಕೆಂಪು ರಟ್ಟಿನ ವಹಿಯೊಳಗ.
ಉದ್ಯಮಬಾಗದ ಈ ಫೌಂಡ್ರಿಯೊಳಗ
ಉಸುಕು ಎಲ್ಲಿ ಬೇಕಲ್ಲಿ ಹೊಗತದ,
ಮಸಿ ಹೇಳದ ಕೇಳದ ಹೊಗತದ,
ನನ್ನ ತಂತಿಯೊಳಗ ಮಾತ್ರ ಕೇಳಿ ಹೊಗಬೇಕು.

ಯಾಕಂದ್ರ, ಹ್ವಾದ ವರ್ಷ ಶೀಗಿಹುಣ್ಣಿವಿ ಮರುದಿನ
ಯಾರೋ ಮೂರನೇ ಲೇಥಿನ ಕಿಂಡಿಗೆ
ಫೋನು ಚಾರ್ಜಿಗೆ ಹಚ್ಚಿದ್ರು.
ಅದರ ಬೆನ್ನಿಗೆ ಏನು ಒಳಗ ಬಂತೋ,
ನಾಕು ದಿನ ಹನ್ನೊಂದೂ ಯಂತ್ರ ಬಾಯಿ ಬಿಗದು ಕುಂತ್ವು.
ಕೊಲ್ಲಾಪುರಕ್ಕ ಹೋಗಬೇಕಾದ ವಾಲ್ವು
ಗೋಣಿ ತಟ್ಟಿನ ಮ್ಯಾಲೆ ಅರ್ಧಂಬರ್ಧ ಮಲಗಿದ್ವು.
ಮಾಲಕರು ನನ್ನ ಬೈಲಿಲ್ಲ. ಚಹಾ ತರಿಸಿದ್ರು.
ಆ ಚಹಾ ಇನ್ನೂ ಇಳದಿಲ್ಲ, ಗಂಟಲದಾಗ ಅದ.

ಈ ಸಲ ಮೂವತ್ತೆಂಟನೇದು ಕಂಡಿತು.
ಹೆಸರಿಲ್ಲ. ರಾತ್ರಿ ಎರಡೂ ನಾಲ್ವತ್ತಕ್ಕ ಏಳತದ,
ಮೂರೂ ಹತ್ತಕ್ಕ ತಣ್ಣಗಾಗತದ,
ಅಷ್ಟರೊಳಗ ಕುಡಿಯೋದು ಕುಡದು ಮುಗಿಸಿರತದ.

ರಾತ್ರಿ ಪಾಳಿಗೆ ನಾನೂ ಬಂದೆ.
ಗೇಟಿನ ಪರಸು ಕಾಕಾ, "ಬಾಯಾರ, ಇಷ್ಟೊತ್ತಿನ್ಯಾಗ?" ಅಂದ.
"ಒಬ್ಬರನ್ನ ಹುಡಕೋದದ" ಅಂದೆ.
ಲ್ಯಾಪ್‌ಟಾಪು ಕೂಸಿನಂಗ ಎದಿಗವಚಿಕೊಂಡು ನಡದೆ:
ಕೋರ್ ಶಾಪಿನ್ಯಾಗ ಎರಡು ಕಡ್ಡಿ,
ಗ್ರೈಂಡಿಂಗಿನ ಕಿಡಿ ನಡುವ ಒಂದ,
ಸ್ಟೋರಿನ ಗೋಡಿ ತಿರುಗಿದ್ದ ತಡ
ನಾಕೂ ಕಡ್ಡಿ ಎದ್ದು ನಿಂತ್ವು.

ಅಲ್ಲಿ ಮೂಲ್ಯಾಗ ದೇವರ ಜಗಲಿ.
ವಿಶ್ವಕರ್ಮನ ಫೋಟೋ ಸರಿಸಿದೆ.
ಹಿಂದ, ಅಂಗೈ ಅಗಲದ ಬಿಳೇ ಡಬ್ಬಿ,
ಹಸರು ಕಣ್ಣು ಮಿಟುಕಿಸಿಕೋತ
ನನ್ನ ತಂತಿಗೇ ಬಾಯಿ ಹಚ್ಚಿಕೊಂಡು ಕುಂತಿತ್ತು.

ಅದರ ನೆತ್ತಿ ಮ್ಯಾಲೆ ಕುಂಕುಮ.
ಒಣಗಿದ ಚೆಂಡುಹೂವಿನ ಎರಡು ಎಸಳು.

ಸಿಟ್ಟು ಬರಬೇಕಾಗಿತ್ತು.
ಖಂಡೇನವಮಿ ದಿನ ತಾಟು ಹಿಡದು ತಿರಗಿದಾಕಿ ನಾನು.
ಮಾಲಕರ ಮನಿಯವರಿಗೆ ಮಂಡಿನೋವು,
"ನೀನೇ ಹಚ್ಚಿಬಿಡವಾ" ಅಂದಿದ್ರು.
ಲೇಥಿಗೆ, ಕಾಟಾಕ್ಕ, ಟೆಂಪೋದ ಮೂತಿಗೆ,
ಜಗಲಿ ಮ್ಯಾಲೆ ಮಂದಿ ಒಟ್ಟಿದ್ದ
ಸ್ಪ್ಯಾನರು, ಸುತ್ತಗಿ, ಅಳತಿ ಟೇಪು,
ಏನು ಎತ್ತ ನೋಡದ ಎಲ್ಲಾದಕ್ಕೂ.
ನನ್ನ ಉಂಗುರಬೆರಳು ಹುಟ್ಟಾ ಸೊಟ್ಟ,
ಇಟ್ಟ ಬೊಟ್ಟು ಎಡಕ್ಕ ಎಳೀತದ.
ಇದೂ ಎಡಕ್ಕ ಎಳದಿತ್ತು.

ಕ್ಯಾಂಟೀನಿನ ಕಡೆ "ಹೋ" ಅಂತ ಸದ್ದಾತು.
ಕಿಡಕ್ಯಾಗ ಹಣಕಿದೆ.
ಎಂಟು ಮಂದಿ, ಒಂದು ಫೋನು,
ಉಪ್ಪಿನ ಡಬ್ಬಿಗೆ ಆನಿಸಿಟ್ಟದ್ದು.
ಕುಸ್ತಿ. ಎಲ್ಲೀದೋ ಏನೋ, ಕೆಮ್ಮಣ್ಣಿನ ಕಣ.
ಕುಲುಮಿಯ ಬಸಲಿಂಗ ತೇರದಾಳ
ರೊಟ್ಟಿ ತುತ್ತು ಬಾಯಿಗೂ ತಾಟಿಗೂ ನಡುವ ಹಿಡದು
"ಟೊಂಕ ಬಿಡಬ್ಯಾಡೋ, ಬಿಡಬ್ಯಾಡ" ಅಂತಿದ್ದ.
ತಗಡಿನ ಶೆಡ್ಡು ಇದು. ಯಾವ ಕಂಪನಿ ಸಿಮ್ ಹಾಕಿದ್ರೂ
ಗೋಡಿ ಆಚಿಗೇ ನಿಂದರತದ.
ಅದು ನನಗೂ ಗೊತ್ತಿತ್ತು, ಎಂದೂ ಕೇಳಿರಲಿಲ್ಲ.

ತಿರುಗಿ ಬಂದು ವೈರು ಹಿಡದು ನಿಂತೆ,
ಕೈಯಾಗ ಬೆವರು, ಕಿವಿ ಕ್ಯಾಂಟೀನಿಗೆ.
ಹನ್ನೊಂದು ಯಂತ್ರ ಎಡಕ್ಕ ಗುಂಯ್ ಅಂತಿದ್ವು.
ಮೂರು ನಿಮಿಷ. ನಾಕು.
ದೊಡ್ಡ "ಹೋ" ಒಂದು ತಗಡು ನಡುಗಿಸಿತು.
ಆಮ್ಯಾಲೆ ಕಿತ್ತೆ.

ಹಸರು ಕಣ್ಣು ಮುಚ್ಚಿತು. ಆ ಕಿಂಡಿ ಮುಚ್ಚಿದೆ, ಬಂದ್ ಮಾಡಿದೆ.
ವಹಿಯೊಳಗ ಬರದೆ: ಮೂವತ್ತೆಂಟು, ತಗದದ್ದು.
"ಒಳಗ ಬಿಟ್ಟವರು ಯಾರು" ಅಂತ ಒಂದು ಕಾಲಮ್ಮದ,
ನಾನೇ ಗೆರಿ ಹೊಡದದ್ದು. ಅದು ಇನ್ನೂ ಖಾಲಿ ಅದ.
ಡಬ್ಬಿ ನನ್ನ ಮೇಜಿನ ಖಾನ್ಯಾಗದ,
ಕುಂಕುಮ ಒರಸಿದ್ರೂ ಹೋಗವಲ್ತು.

ಮುಂಜಾನೆ ಪಾಳಿ ಬಿಡೋ ಹೊತ್ತಿಗೆ
ಹೆಬ್ಬೆಟ್ಟು ಒತ್ತಾಕ ನಿಂತಿದ್ದ ಬಸಲಿಂಗನ್ನ ಕೇಳಿದೆ,
"ಕುಸ್ತಿ ಯಾರು ಗೆದ್ರೋ?"
ಅವ ಯಂತ್ರದ ಮ್ಯಾಲಿನ ಬೆರಳು ತಗೀಲಿಲ್ಲ.
"ಯಾವ ಕುಸ್ತಿರೀ, ಬಾಯಾರ?"