ಮೂರನೆಯ ದಿನ

ರೂವಿಯ ಚರ್ಚಿನ ಕಾಂಪೌಂಡಿನಲ್ಲಿ ಶುಕ್ರವಾರವೇ ಭಾನುವಾರ.
ಏಳಕ್ಕೆ ಮಲಯಾಳ, ಒಂಬತ್ತಕ್ಕೆ ತಮಿಳು,
ಎರಡು ಗಂಟೆಯ ಉರಿಗೆ, ಹಿಂದಿನ ಸಣ್ಣ ಕೋಣೆಯಲ್ಲಿ
ನಾವು ಕನ್ನಡದವರು, ಮೂವತ್ತೆರಡು ಮಂದಿ,
ಎ.ಸಿ.ಯ ಸದ್ದಿಗಿಂತ ತುಸು ಮೇಲೆ ಹಾಡುತ್ತೇವೆ.

ಮುಂದಿನ ಬೆಂಚಿನಲ್ಲಿ ಶೀಬಾ ಮಾಬೆನ್.
ಅವಳ ಹೆಗಲಿನಿಂದ ಹಿಂದೆ ಬಾಗಿ
ನನ್ನ ಕನ್ನಡಕಕ್ಕೆ ಕೈಹಾಕುತ್ತದೆ ಮಗು.
ಇದನ್ನು ನಾನು ಮೊದಲು ಕಂಡಾಗ
ಇದಕ್ಕೆ ಕೈ ಇರಲಿಲ್ಲ.
ಎಂಟು ಕೋಶ ಇತ್ತು, ಒಂದು ಸ್ವಲ್ಪ ಓರೆ.
ಯಾರಿಗೂ ಹೇಳುವ ಹಾಗಿಲ್ಲ; ಸಹಿ ಹಾಕಿದ್ದೇನೆ.

ನಾಲ್ಕನೆಯ ಟ್ಯಾಂಕಿನಲ್ಲಿ, ಹಳದಿ ಚೀಟಿಯ ಕೆಳಗೆ
ಅವಳವು ಇನ್ನೂ ಮೂರು ಇವೆ.
ಸೋಮವಾರ, ಗುರುವಾರ ದ್ರವ ಸಾರಜನಕ ತುಂಬುವವಳು ನಾನು.
ಮುಚ್ಚಳ ತೆಗೆದರೆ ಬಿಳಿ ಹೊಗೆ ಪಾದದ ಮೇಲೆ ಹರಿಯುತ್ತದೆ,
ಹೊರಗೆ ಘುಬ್ರಾದಲ್ಲಿ ಡಾಂಬರು ಮೆತ್ತಗಾಗುವ ಹೊತ್ತು.

ಡೇನಿಯಲ್‌ಗೆ ಕೆಲಸ ಹೋಯಿತು.
ವೀಸಾಕ್ಕೆ ಇನ್ನು ಇಪ್ಪತ್ತು ದಿನ.
ಫಾರಮ್ಮಿನಲ್ಲಿ ಎರಡು ಚೌಕ.
ಮೊದಲನೆಯದಕ್ಕೆ ವರ್ಷವರ್ಷವೂ ರಿಯಾಲು ಬೇಕು.
ಎರಡನೆಯದಕ್ಕೆ ಕನ್ನಡದಲ್ಲಿ ಏನೆನ್ನುತ್ತಾರೆ, ಕೇಳಿದಳು.
ವಿಸರ್ಜನೆ, ಎಂದೆ.
ಆರಾಧನೆ ಮುಗಿದು ಸಭೆ ಬಿಡುವುದಕ್ಕೂ
ಅದೇ ಮಾತಲ್ಲವಾ, ಎಂದಳು.

ಅಯ್ಯನವರನ್ನೂ ಕೇಳಿದಳಂತೆ.
ಕೂಡಿದ ಕ್ಷಣವೇ ಜೀವ ಅಮ್ಮಾ, ಎಂದರಂತೆ.
ಆಮೇಲೆ ಚಹಾ ಆರುವ ತನಕ ಸುಮ್ಮನೆ ಕೂತರಂತೆ.

ನಾನೂ ಹಾಗೇ ಕಲಿತವಳು, ಅಯ್ಯನವರೇ.
ಆದರೆ ಬೆಳಿಗ್ಗೆ ಆರಕ್ಕೆ ಆ ಬೆಚ್ಚನೆಯ ಗೂಡು ತೆರೆಯುವವಳೂ ನಾನೇ.
ಅವಳವು ಹನ್ನೊಂದು ಇದ್ದವು.
ಏಳು, ಯಾರೂ ಮುಟ್ಟದೆ, ಯಾರೂ ಶಪಿಸದೆ,
ತಾವಾಗಿ ನಿಂತುಹೋಗಿದ್ದವು.
ಗಡಿಯಾರ ನಿಲ್ಲುತ್ತದಲ್ಲ, ಮನೆಮಂದಿಗೆ ತಿಳಿಯದೆ, ಹಾಗೆ.
ಯಾವ ಹೆಸರು ಹಿಡಿದು ಅವಕ್ಕೆ ಅಳಲಿ?
ಕರ್ತನ ಲೆಕ್ಕದಲ್ಲಿ ಅವಕ್ಕೊಂದು ಸಾಲುಂಟೋ,
ಅಂಚಿನಲ್ಲಿ ಒಂದು ಚುಕ್ಕಿಯಾದರೂ?

ನಮ್ಮಲ್ಲೂ ನೋಡುವುದು ಮೂರನೆಯ ದಿನವೇ.
ಇನ್ನೂ ಕತ್ತಲಿರುವಾಗ ಎದ್ದು
ಕಲ್ಲನ್ನು ಯಾರು ಉರುಳಿಸಿಯಾರು ಎಂದು
ಮಾತಾಡಿಕೊಂಡು ಹೋದರಲ್ಲ ಆ ಹೆಂಗಸರು,
ಹಾಗೇ ಹೋಗುತ್ತೇನೆ ನಾನು, ಬಸ್ಸು ಹಿಡಿದು, ಒಬ್ಬಳೇ.
ಅವರ ಕೈಯಲ್ಲಿ ಸುಗಂಧದ್ರವ್ಯ ಇತ್ತು.
ನನಗೆ ಅತ್ತರು ನಿಷಿದ್ಧ, ಸಾಬೂನಿಗೂ ವಾಸನೆ ಇರಬಾರದು,
ಅವು ತಾಳವು.
ಊರಿಡೀ ಲೋಬಾನ ಹೊಗೆಯಾಡುವ ಈ ಮಸ್ಕತ್ತಿನಲ್ಲಿ
ಏನೂ ಘಮಿಸದ ಹೆಂಗಸು ನಾನು.

ಕಳೆದ ವಾರ, ಪ್ರಾರ್ಥನೆ ಮುಗಿದು
ಎಲ್ಲರೂ ಚಪ್ಪಲಿ ಹುಡುಕುವ ಗದ್ದಲದಲ್ಲಿ
ಶೀಬಾ ನನ್ನ ಮೊಣಕೈ ಹಿಡಿದಳು.
ಫಾರಮ್ಮಿನ ಸುದ್ದಿ ಎತ್ತಲಿಲ್ಲ.
ಅವಕ್ಕೆ ಚಳಿ ಆಗುತ್ತದಾ, ಕೇಳಿದಳು.

ಚಳಿಯಾಗಲು ಚರ್ಮ ಬೇಕು, ನರ ಬೇಕು,
ಅಯ್ಯೋ ಎನ್ನಲು ಒಂದು ಬಾಯಿ ಬೇಕು.
ನನಗೆ ಗೊತ್ತು. ಇಲ್ಲ, ಎಂದೆ.

ಆದರೂ ಈ ಸೋಮವಾರ
ಸಾರಜನಕ ಸುರಿದು ಮುಚ್ಚಳ ಬೇಗಬೇಗ ಹಾಕಿದೆ,
ಕಿಟಕಿಯೇ ಇಲ್ಲದ ಆ ಕೋಣೆಯಲ್ಲಿ
ಎಲ್ಲಿಂದಲೋ ಗಾಳಿ ಬೀಸೀತೆಂಬಂತೆ.